ಮೂರನೇ ದಿನ ದಾಟಿದರೆ ದಾರಿ ಕಾಣುತ್ತದೆ: ಧರ್ಮಸ್ಥಳ ಪಾದಯಾತ್ರೆಯ ನನ್ನ ಅನುಭವ

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೊರಟವರಲ್ಲಿ ಅರ್ಧಕ್ಕೇ ಬಸ್ಸು ಹತ್ತುವವರು ಹೆಚ್ಚಾಗಿ ಹತ್ತುವುದು ಮೂರನೇ ದಿನ, ಕುಣಿಗಲ್ ಆಸುಪಾಸಿನಲ್ಲಿ. ಚಾರ್ಮಾಡಿ ಘಾಟಿಯಲ್ಲಿ ಬಿಡುವವರು ಕಡಿಮೆ. ಘಾಟಿಗೆ ಎಲ್ಲರೂ ಮೊದಲೇ ಹೆದರಿ, ಮನಸ್ಸು ಗಟ್ಟಿ ಮಾಡಿಕೊಂಡು ಬಂದಿರುತ್ತಾರೆ. ಮೂರನೇ ದಿನದ ವಿಷಯ ಮಾತ್ರ ಯಾರೂ ಹೇಳಿರುವುದಿಲ್ಲ. ಮೊದಲ ದಿನ ಹುರುಪಿನಲ್ಲಿ ಮೂವತ್ತೈದು ಕಿಲೋಮೀಟರ್ ನಡೆದು, ಎರಡನೇ ದಿನ ಹಟದಿಂದ ಅಷ್ಟೇ ನಡೆದು, ಮೂರನೇ ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ಅಂಗಾಲು ನೆಲಕ್ಕೆ ತಾಗಿಸಲು ಆಗುವುದಿಲ್ಲ. ಆಗ ಮನಸ್ಸು ಒಂದೇ ಲೆಕ್ಕ ಹಾಕುತ್ತದೆ: ಇನ್ನೂ ಇನ್ನೂರೈವತ್ತು ಇದೆ.

ನಡೆಯುವಾಗಿನ ನೋವು ಎರಡು ಬಗೆ. ತಪ್ಪು ಕಾಲುಚೀಲ, ಬಿಗಿದ ಲೇಸು, ಕುಡಿಯದೆ ಬಿಟ್ಟ ನೀರು, ಇವುಗಳಿಂದ ಬಂದದ್ದು ನಾವೇ ಮಾಡಿಕೊಂಡ ನೋವು. ಇನ್ನೊಂದು ದಾರಿಯೇ ಕೊಡುವ ದಣಿವು. ಮೊದಲನೆಯದನ್ನು ಭಕ್ತಿಯ ಹೆಸರಿನಲ್ಲಿ ಹಲ್ಲುಕಚ್ಚಿ ಸಹಿಸುವುದರಿಂದ ಯಾವ ಪುಣ್ಯವೂ ಬರುವುದಿಲ್ಲ ಎನ್ನುವುದು ನನ್ನ ಗಟ್ಟಿ ನಂಬಿಕೆ. ಅದು ಇರುವಷ್ಟು ಹೊತ್ತು ಮನಸ್ಸು ಹಿಮ್ಮಡಿ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಮರ, ಕೆರೆ, ಜೊತೆಯವರ ಮಾತು ಯಾವುದೂ ಒಳಗೆ ಇಳಿಯುವುದಿಲ್ಲ. ಅದನ್ನು ಕಳೆದುಕೊಂಡವರಿಗೆ ಎರಡನೆಯದು ಅಭ್ಯಾಸವಾಗುತ್ತದೆ, ಕೊನೆಕೊನೆಗೆ ಇಷ್ಟವೂ ಆಗುತ್ತದೆ. ಅದಕ್ಕೇ ಇಲ್ಲಿ ಕಾಲಿನ ವಿಷಯವೇ ಹೆಚ್ಚು.

ದಾರಿ ಹೀಗೆ. ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ. ಇಲ್ಲಿಗೆ ಸುಮಾರು 185 ಕಿ.ಮೀ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಚಾರ್ಮಾಡಿ ಇಳಿದು ಉಜಿರೆ, ಧರ್ಮಸ್ಥಳ. ಒಟ್ಟು ಮುನ್ನೂರರ ಮೇಲೆ. ಸಕಲೇಶಪುರ, ಶಿರಾಡಿ, ಕೊಕ್ಕಡದ ಮೇಲೆ ಹೋಗುವವರೂ ಇದ್ದಾರೆ. ಆದರೆ ಶಿರಾಡಿಯಲ್ಲಿ ಹಗಲಿರುಳು ಲಾರಿ, ಟ್ಯಾಂಕರ್. ನಡೆಯುವವರಿಗೆ ಅಂಚು ಸಿಗುವುದೇ ಕಷ್ಟ. ನನ್ನ ಮತ ಚಾರ್ಮಾಡಿಗೆ. ಏಳು, ಎಂಟು ದಿನದಲ್ಲಿ ಮುಗಿಸುವ ತಂಡಗಳಿವೆ. ಮೊದಲ ಸಲ ನಡೆಯುವವರಿಗೆ 12 ದಿನ ಬೇಕು. ದಿನಕ್ಕೆ 25ರಿಂದ 28 ಕಿ.ಮೀ. ಮೊದಲ ಮೂರು ದಿನ ಅದಕ್ಕೂ ಕಡಿಮೆ, 20ರಿಂದ 22 ಸಾಕು. ಶಿವರಾತ್ರಿಯ ಜಾಗರಣೆಗೆ ಸೇರುವ ಹರಕೆ ಇದ್ದರೆ ಹಬ್ಬದ ಹಿಂದಿನ ದಿನವೇ ಮುಟ್ಟುವಂತೆ ಹಿಂದಕ್ಕೆ ಎಣಿಸಿ ಹೊರಡಿ. ಒಂದು ದಿನ ಕೈಯಲ್ಲಿ ಉಳಿದಿರಲಿ. ಆ ಒಂದು ದಿನ ಇಲ್ಲದವರೇ ಗಾಯದ ಕಾಲಲ್ಲಿ ರಾತ್ರಿ ನಡೆಯುವುದು.

ಹನ್ನೆರಡು ವಾರದ ತಯಾರಿ

ಎದೆಗುಂಡಿಗೆ, ಉಸಿರು ಮೂರ್ನಾಲ್ಕು ವಾರದಲ್ಲಿ ಹದಕ್ಕೆ ಬಂದುಬಿಡುತ್ತವೆ. ಸ್ನಾಯುರಜ್ಜು, ಮೂಳೆ, ಅಂಗಾಲಿನ ಚರ್ಮ ಅಷ್ಟು ಬೇಗ ಬರುವುದಿಲ್ಲ. ಉಸಿರು ಸಲೀಸಾಯಿತೆಂದು ಐದನೇ ವಾರ ಒಮ್ಮೆಲೇ ದೂರ ಹೆಚ್ಚಿಸಿದವರಿಗೆ ಮೊಣಕಾಲ ಕೆಳಗಿನ ಮುಂಗಾಲ ಮೂಳೆ ನೋಯಲು ಶುರುವಾಗುತ್ತದೆ. ಆದ್ದರಿಂದ ವಾರಕ್ಕೆ ಹತ್ತು, ಹೆಚ್ಚೆಂದರೆ ಹದಿನೈದು ಶೇಕಡಾ ಹೆಚ್ಚಿಸಿ. ವಾರಕ್ಕೆ ನಾಲ್ಕು ದಿನ 5 ಕಿ.ಮೀ.ನಿಂದ ಆರಂಭ. ಆರನೇ ವಾರಕ್ಕೆ ಭಾನುವಾರದ ನಡಿಗೆ 15 ಕಿ.ಮೀ. ಇರಲಿ. ಒಂಬತ್ತನೇ ವಾರ ಶನಿವಾರ 18, ಭಾನುವಾರ ಮತ್ತೆ 18. ಹತ್ತನೇ ವಾರ 25 ಮತ್ತು 20. ಬೆನ್ನುಬೆನ್ನಿಗೆ ಎರಡು ದಿನ ನಡೆಯುವುದೇ ಈ ತಯಾರಿಯ ಜೀವ. ಒಂದು ದಿನ 30 ಕಿ.ಮೀ. ನಡೆದುಬಿಡುವುದು ಬೇರೆ, ನೋಯುವ ಕಾಲಲ್ಲಿ ಮರುದಿನ ಬೆಳಗ್ಗೆ ಎದ್ದು ಹೊರಡುವುದು ಬೇರೆ. ಕೊನೆಯ ಹತ್ತು ದಿನ ದೂರ ಅರ್ಧಕ್ಕಿಳಿಸಿ, ಚೆನ್ನಾಗಿ ನಿದ್ದೆ ಮಾಡಿ.

ಇದರ ಜೊತೆ ಎರಡು ವ್ಯಾಯಾಮ ಸಾಕು. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು, 15ರಂತೆ ಮೂರು ಸಲ. ಒಂದು ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ಇಳಿಸುವುದು, 10ರಂತೆ ಮೂರು ಸಲ. ಎರಡನೆಯದನ್ನು ಬಿಡಬೇಡಿ. ಘಾಟಿ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಎಷ್ಟು ನಡೆದರೂ ಆ ಕೆಲಸ ಕಲಿಯುವುದಿಲ್ಲ. ಮೈಸೂರಿನ ಕಡೆಯವರು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ವಾರಕ್ಕೊಮ್ಮೆ ಇಳಿದರೆ ಚಾರ್ಮಾಡಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ.

ಶೂ, ಕಾಲುಚೀಲ, ಟೇಪು

ಹೊಸ ಶೂ ಹಾಕಿ ಹೊರಡಬೇಡಿ. ನೂರು, ನೂರೈವತ್ತು ಕಿ.ಮೀ. ನಡೆದು ಪಳಗಿದ ಓಟದ ಶೂ ಒಳ್ಳೆಯದು. ಅಳತೆ ಮಾಮೂಲಿಗಿಂತ ಅರ್ಧ ಸೈಜು ದೊಡ್ಡದಿರಲಿ, ಸಂಜೆ ಹೊತ್ತು ಅಂಗಡಿಗೆ ಹೋಗಿ ಕೊಳ್ಳಿ. ಮಧ್ಯಾಹ್ನದ ಬಿಸಿಲಲ್ಲಿ ನಡೆದ ಪಾದ ಊದಿಕೊಳ್ಳುತ್ತದೆ. ಬೆಳಗ್ಗೆ ಸರಿಹೊಂದಿದ ಶೂ ಹನ್ನೊಂದು ಗಂಟೆಗೆ ಹಿಂಡುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬೇಕು. ಉಗುರನ್ನು ಹೊರಡುವ ಮೂರು ದಿನ ಮೊದಲೇ ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದ ಉಗುರಿನ ಮೊನೆ ಪಕ್ಕದ ಬೆರಳನ್ನು ಕೊರೆಯುತ್ತದೆ.

ಹತ್ತಿಯ ಕಾಲುಚೀಲ ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಚರ್ಮ ಮೆತ್ತಗಾಗಿ ಚೀಲಕ್ಕೆ ಅಂಟುತ್ತದೆ, ಒಳಗಿನ ಮೂಳೆ ಹೆಜ್ಜೆಹೆಜ್ಜೆಗೂ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಬೊಬ್ಬೆ ಏಳುವುದು ಹೀಗೆ. ಮೇಲಿನ ಉಜ್ಜಾಟಕ್ಕಿಂತ ಒಳಗಿನ ಈ ಎಳೆದಾಟವೇ ಕಾರಣ. ಚರ್ಮದ ಪದರಗಳ ನಡುವೆ ಸೀಳು ಬಿಟ್ಟು ಅಲ್ಲಿ ನೀರು ತುಂಬುತ್ತದೆ. ಕ್ರೀಡಾ ಅಂಗಡಿಗಳಲ್ಲಿ ಸಿಗುವ ನೈಲಾನ್, ಪಾಲಿಯೆಸ್ಟರ್ ಮಿಶ್ರಣದ ತೆಳು ಚೀಲ ಮೂರು ಜೊತೆ ಇರಲಿ. ಎರಡು ಗಂಟೆಗೊಮ್ಮೆ ಬದಲಿಸಿ, ಒದ್ದೆಯದನ್ನು ಬ್ಯಾಗಿನ ಹೊರಗೆ ಪಿನ್ ಹಾಕಿ ನೇತುಬಿಟ್ಟರೆ ನಡೆಯುತ್ತಾ ನಡೆಯುತ್ತಾ ಒಣಗುತ್ತದೆ. ಬೆರಳುಗಳ ನಡುವೆ ಬೊಬ್ಬೆ ಏಳುವವರಿಗೆ ಐದು ಬೆರಳಿನ ಕಾಲುಚೀಲ ನಿಜಕ್ಕೂ ಉಪಕಾರಿ.

ಇನ್ನು ಟೇಪು. ಔಷಧಿ ಅಂಗಡಿಯಲ್ಲಿ ಸಿಗುವ ಒಂದಿಂಚಿನ ಕಾಗದದ ಮೈಕ್ರೋಪೋರ್ ಟೇಪು ನಾಲ್ಕು ಸುರುಳಿ ಬೇಕು. ಬೆಳಗಿನ ಜಾವ, ಸ್ನಾನ ಮಾಡಿ ಕಾಲು ಪೂರ್ತಿ ಒಣಗಿದ ಮೇಲೆ, ಎಣ್ಣೆ ಕ್ರೀಮು ಏನೂ ಹಚ್ಚದೆ, ನಿಮಗೆ ಯಾವಾಗಲೂ ಕಾಡುವ ಜಾಗಕ್ಕೆ ಹಚ್ಚಿ. ಹಿಮ್ಮಡಿಯ ಹಿಂಭಾಗ, ಹೆಬ್ಬೆರಳ ಬುಡದ ಉಬ್ಬು, ಕಿರುಬೆರಳ ಹೊರಬದಿ. ಹೆಚ್ಚಿನವರಿಗೆ ಈ ಮೂರೇ. ತುಂಡಿನ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ, ಚೌಕ ಮೂಲೆ ಕಾಲುಚೀಲಕ್ಕೆ ಸಿಕ್ಕಿ ಸುರುಳಿಕೊಳ್ಳುತ್ತದೆ. ಎಳೆದು ಹಚ್ಚಬಾರದು, ಸುಮ್ಮನೆ ಕೂರಿಸಬೇಕು. ಹೆಬ್ಬೆರಳಿಂದ ಒಂದು ಬದಿಯಿಂದ ಒತ್ತುತ್ತಾ ಹೋಗಿ. ಎಲ್ಲಾದರೂ ಕೂದಲೆಳೆಯಷ್ಟು ಮಡಿಕೆ ಕಂಡರೂ ಕಿತ್ತು ಹೊಸದು ಹಚ್ಚಿ. ಇಪ್ಪತ್ತು ಸಾವಿರ ಹೆಜ್ಜೆಗೆ ಆ ಮಡಿಕೆ ದಾರದಂತೆ ಕೊಯ್ಯುತ್ತದೆ. ಮೇಲಿನಿಂದ ಶೂ ಹಾಕುವ ಮೊದಲು ಒಂದು ನಿಮಿಷ ಅಂಗೈಯ ಬಿಸಿ ಕೊಟ್ಟರೆ ಅಂಟು ಚೆನ್ನಾಗಿ ಹಿಡಿಯುತ್ತದೆ. ರಾತ್ರಿ ಒಣಗಿದ ಟೇಪನ್ನು ಕೀಳಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ಉಗುರುಬೆಚ್ಚನೆ ನೀರಲ್ಲಿ ಐದು ನಿಮಿಷ ನೆನೆಸಿ ಸುಲಿಯಿರಿ.

ಬೊಬ್ಬೆ ಏಳುವ ಮುಂಚೆ ಆ ಜಾಗ ಬಿಸಿಯಾಗುತ್ತದೆ. ಒಂದು ನಾಣ್ಯದಷ್ಟು ಜಾಗ ಸುಟ್ಟಂತೆ ಚುರುಚುರು ಅನ್ನುತ್ತದೆ. ಇಡೀ ಪಾದಯಾತ್ರೆಯ ಭವಿಷ್ಯ ಆ ಕ್ಷಣದಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದರ ಮೇಲಿದೆ. ಮುಂದಿನ ಅರವಟ್ಟಿಗೆಯಲ್ಲಿ ನೋಡೋಣ ಅನ್ನಬೇಡಿ. ತಂಡದವರು ಮುಂದೆ ಹೋಗುತ್ತಾರಲ್ಲ ಎಂಬ ಸಂಕೋಚವೂ ಬೇಡ. ಐದು ನಿಮಿಷದೊಳಗೆ ಕೂತು, ಶೂ ಬಿಚ್ಚಿ, ಒಳಗೆ ಮರಳು ಇದ್ದರೆ ಕೊಡವಿ, ಪಾದ ಒರೆಸಿ, ಟೇಪು ಹಚ್ಚಿ, ಒಣ ಚೀಲ ಹಾಕಿ. ಹತ್ತು ನಿಮಿಷದ ಈ ಕೆಲಸ ತಪ್ಪಿದರೆ ನಾಲ್ಕು ದಿನ ಕುಂಟಬೇಕು.

ಎದ್ದುಬಿಟ್ಟ ಬೊಬ್ಬೆ ಬಟಾಣಿಗಿಂತ ಚಿಕ್ಕದಿದ್ದರೆ ಮುಟ್ಟದೆ ಸುತ್ತ ಮೆತ್ತೆ ಇಟ್ಟು ಮುಚ್ಚಿ. ದೊಡ್ಡದಾಗಿ, ಬಿಗಿದು, ಭಾರ ಬೀಳುವ ಜಾಗದಲ್ಲೇ ಇದ್ದರೆ ನೀರು ತೆಗೆಯಲೇಬೇಕು. ಸೋಪಿನಿಂದ ಕೈ, ಪಾದ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಔಷಧಿ ಅಂಗಡಿಯ ಹೊಸ ಇಂಜೆಕ್ಷನ್ ಸೂಜಿಯಿಂದ ಬೊಬ್ಬೆಯ ಕೆಳ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ, ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ. ಮೇಲಿನ ಚರ್ಮ ಕತ್ತರಿಸಬೇಡಿ, ಅದೇ ನಿಮ್ಮ ಒಳ್ಳೆಯ ಬ್ಯಾಂಡೇಜು. ಮುಲಾಮು, ಅಂಟದ ಪಟ್ಟಿ, ಮೇಲೆ ಟೇಪು. ದಾರಿಯಲ್ಲಿ ತುಂಬ ಜನ ಇನ್ನೊಂದು ಉಪಾಯ ಹೇಳುತ್ತಾರೆ: ಸೂಜಿದಾರವನ್ನು ಬೊಬ್ಬೆಯ ಒಳಗಿಂದ ದಾಟಿಸಿ ದಾರವನ್ನು ಅಲ್ಲೇ ಬಿಡುವುದು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಮಾಡಬೇಡಿ. ನೀರನ್ನು ಹೊರಗೆ ಎಳೆಯುವ ಅದೇ ದಾರ ಬೆವರನ್ನೂ ಕೊಳೆಯನ್ನೂ ಒಳಕ್ಕೆ ಎಳೆಯುತ್ತದೆ. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಕಾಲ ಮೇಲೆ ಕೆಂಪು ಗೆರೆ ಏರಿದರೆ, ಜ್ವರ ಬಂದರೆ ನಡಿಗೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಲೇಬೇಕು.

ತೊಡೆಸಂದಿನ ಉಜ್ಜಾಟ ಹೇಳಿಕೊಳ್ಳಲಾಗದೆ ನರಳುವ ಸಂಗತಿ. ಜೀನ್ಸ್ ಬೇಡವೇ ಬೇಡ. ಪಂಚೆ ಉಟ್ಟರೆ ಒಳಗೆ ಸೈಕಲ್ ಸವಾರರ ಬಿಗಿ ಚಡ್ಡಿ ಹಾಕಿ. ಕೊಬ್ಬರಿ ಎಣ್ಣೆ ಅರ್ಧ ಗಂಟೆಗೆ ಇಂಗಿಹೋಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಎರಡು ಮೂರು ಗಂಟೆ ಉಳಿಯುತ್ತದೆ. ಹೆಣ್ಣುಮಕ್ಕಳು ಶೌಚಾಲಯದ ಚಿಂತೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರದ ಸೋಂಕು ಹಿಡಿಯುವುದು ಹಾಗೆಯೇ. ತಂಡದ ವಿಶ್ರಾಂತಿಯ ಜಾಗಗಳನ್ನು ಪೆಟ್ರೋಲ್ ಬಂಕು, ದೇವಸ್ಥಾನ, ಹೋಟೆಲುಗಳನ್ನು ನೋಡಿಯೇ ಗೊತ್ತು ಮಾಡುವುದು ತಂಡದ ಮುಖ್ಯಸ್ಥರ ಜವಾಬ್ದಾರಿ. ಇದನ್ನು ಯಾರೂ ಬಾಯಿಬಿಟ್ಟು ಕೇಳುವಂತಾಗಬಾರದು.

ಬರಿಗಾಲಿನ ಹರಕೆ ಹೊತ್ತವರಿಗೆ ಒಂದು ಮಾತು. ಬರಿಗಾಲಲ್ಲೇ ತಿಂಗಳುಗಟ್ಟಲೆ ನಡೆದು ಚರ್ಮ ಹದವಾಗಿದ್ದರೆ ಸರಿ. ಇಲ್ಲದಿದ್ದರೆ ಫೆಬ್ರವರಿ, ಮಾರ್ಚಿನ ಮಧ್ಯಾಹ್ನ ಡಾಂಬರು 50 ಡಿಗ್ರಿ ದಾಟುತ್ತದೆ, ಅಂಗಾಲು ಸುಟ್ಟೇ ಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಅವರು ಬರಿಗಾಲಲ್ಲಿ ನಡೆಯಲೇಬಾರದು, ದಿನಕ್ಕೆರಡು ಸಲ ಅಂಗಾಲನ್ನು ಇನ್ನೊಬ್ಬರಿಗೆ ತೋರಿಸಬೇಕು. ಮಾತ್ರೆ, ಇನ್ಸುಲಿನ್ ಪ್ರಮಾಣದ ಬಗ್ಗೆ ಹೊರಡುವ ಮೊದಲೇ ವೈದ್ಯರ ಜೊತೆ ಮಾತಾಡಬೇಕು, ಏಕೆಂದರೆ ಇಷ್ಟು ನಡೆದರೆ ಸಕ್ಕರೆ ಇಳಿಯುತ್ತದೆ. ಉಜಿರೆಯಿಂದ ಧರ್ಮಸ್ಥಳದವರೆಗಿನ ಸುಮಾರು ಹತ್ತು ಕಿಲೋಮೀಟರನ್ನು ಬೆಳಗಿನ ತಂಪಿನಲ್ಲಿ ಬರಿಗಾಲಲ್ಲಿ ನಡೆದು ಹರಕೆ ಸಲ್ಲಿಸುವವರು ಬಹಳ ಜನ. ನನಗೆ ಅದು ಒಪ್ಪಿಗೆಯಾದ ದಾರಿ.

ದಿನದ ಗಡಿಯಾರ

ನಾಲ್ಕಕ್ಕೆ ಎದ್ದು ನಾಲ್ಕೂವರೆಗೆ ರಸ್ತೆ. ಬೆಳಕು ಹರಿಯುವವರೆಗೆ ತಲೆಗೆ ಕಟ್ಟುವ ಟಾರ್ಚು, ಮೈಮೇಲೆ ಹೊಳೆಯುವ ಪಟ್ಟಿಯ ಜಾಕೆಟ್. ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು. ಕಿವಿಗೆ ಹಾಡು ಹಾಕಿಕೊಳ್ಳಬೇಡಿ. ರಸ್ತೆಯ ಅಂಚು ನೀರು ಹರಿಯಲೆಂದು ಓರೆಯಾಗಿರುತ್ತದೆ. ಇಡೀ ದಿನ ಅದೇ ಓರೆಯಲ್ಲಿ ನಡೆದರೆ ಒಂದೇ ಕಡೆಯ ಸೊಂಟ, ಮೊಣಕಾಲಿನ ಹೊರಬದಿ ನೋಯುತ್ತದೆ. ಪಕ್ಕದಲ್ಲಿ ಸಮತಟ್ಟು ಮಣ್ಣಿನ ಜಾಡು ಸಿಕ್ಕಲ್ಲೆಲ್ಲ ಅದಕ್ಕೆ ಇಳಿಯಿರಿ.

ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ವಿಶ್ರಾಂತಿ. ದಣಿವಾದ ಮೇಲೆ ಕೂರುವುದಲ್ಲ, ಗಡಿಯಾರ ನೋಡಿ ಕೂರುವುದು. ಕೂತಾಗ ಶೂ ಬಿಚ್ಚಿ ಕಾಲನ್ನು ಬ್ಯಾಗಿನ ಮೇಲೆ ಎತ್ತಿಡಿ. ವೇಗ ಗಂಟೆಗೆ ನಾಲ್ಕೂವರೆ ಕಿ.ಮೀ., ಎರಡು ವಾಕ್ಯ ಬಿಡದೆ ಮಾತಾಡಲು ಆಗುವಷ್ಟು. ತಂಡದಲ್ಲಿ ಎಲ್ಲರಿಗಿಂತ ನಿಧಾನದವರು ಮುಂದೆ ಇರಲಿ. ಅವರನ್ನು ಹಿಂದೆ ಬಿಟ್ಟರೆ ಮುಂದಿನವರು ಕಾದು ದಣಿವಾರಿಸಿಕೊಂಡು ಇವರು ಬರುತ್ತಿದ್ದಂತೆ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ. ಹತ್ತು ಗಂಟೆಯೊಳಗೆ 20 ಕಿ.ಮೀ. ಮುಗಿಸಿ, ಮೂರೂವರೆವರೆಗೆ ನೆರಳಲ್ಲಿ ಮಲಗಿ, ಸಂಜೆ ಆರು ಏಳು ಕಿ.ಮೀ. ನಡೆದರೆ ದಿನದ ಲೆಕ್ಕ ಸರಿ. ಬೆನ್ನಿನ ಚೀಲ ನಾಲ್ಕು ಕಿಲೋ ಮೀರದಿರಲಿ.

ಬಿಸಿಲಲ್ಲಿ ಗಂಟೆಗೆ ಅರ್ಧ ಲೀಟರ್ ನೀರು, ಗುಟುಕು ಗುಟುಕಾಗಿ. ಬರೀ ನೀರು ಸಾಲದು. ಬೆವರಿನ ಜೊತೆ ಉಪ್ಪು ಹೋಗುತ್ತದೆ. ಉಪ್ಪಿಲ್ಲದೆ ನೀರನ್ನೇ ತುಂಬಿಕೊಂಡರೆ ಬೆರಳು ಊದಿ, ತಲೆನೋವು, ವಾಂತಿ ಶುರುವಾಗುತ್ತದೆ, ಅದನ್ನು ಬಿಸಿಲಿನ ಬಳಲಿಕೆ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿರುವುದು ಪೊಟ್ಯಾಶಿಯಂ, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಬೆರೆಸಿ, ಇಲ್ಲವೇ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ಟೀ ಚಮಚದ್ದು, ಉಪ್ಪು ಕೈಬೀಸಿ ಹಾಕಬಾರದು. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಚಹಾ ಬಣ್ಣಕ್ಕೆ ತಿರುಗಿದರೆ ನಡಿಗೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಶಿವರಾತ್ರಿಯ ಹೊತ್ತಿಗೆ ದಾರಿಯುದ್ದಕ್ಕೂ ಊರಿನವರು ಚಪ್ಪರ ಹಾಕಿ ಪಾನಕ, ಚಿತ್ರಾನ್ನ, ಕಲ್ಲಂಗಡಿ ಹಂಚುತ್ತಾರೆ. ಕೈಮುಗಿದು ಸ್ವಲ್ಪವೇ ಹಾಕಿಸಿಕೊಳ್ಳಿ. ಒಂದೂವರೆ ಗಂಟೆಗೊಮ್ಮೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆ ಬೆಲ್ಲ ತಿಂದರೆ ಶಕ್ತಿ ಒಂದೇ ಸಮ ಇರುತ್ತದೆ. ಬೆಳಗ್ಗೆ ಬೋಂಡಾ ತಿಂದು ನಡೆದವರಿಗೆ ಎದೆಯುರಿ ಖಂಡಿತ. ಯಡಿಯೂರಿನ ಸಿದ್ಧಲಿಂಗೇಶ್ವರನ ಸನ್ನಿಧಿಯ ದಾಸೋಹದಲ್ಲಿ ಮಧ್ಯಾಹ್ನದ ಊಟ ಸಿಗುವಂತೆ ದಿನವನ್ನು ಹೊಂದಿಸಿಕೊಳ್ಳಿ. ಕುಣಿಗಲ್‌ನ ಕಷ್ಟ ಕಳೆದು ಅಲ್ಲಿ ನೆರಳಲ್ಲಿ ಕೂತು ಉಣ್ಣುವ ಅನ್ನ ಬಾಯಿಗೆ ಹತ್ತುವ ಪರಿಯೇ ಬೇರೆ.

ಮೂರನೇ ದಿನ

ಹೊಸ ಶ್ರಮಕ್ಕೆ ಬಿದ್ದ ಸ್ನಾಯುವಿನ ನೋವು ಎರಡು ಮೂರು ದಿನಕ್ಕೆ ತುತ್ತತುದಿ ಮುಟ್ಟಿ ಆಮೇಲೆ ತಾನೇ ಇಳಿಯುತ್ತದೆ. ಜೊತೆಗೆ ಎರಡು ರಾತ್ರಿಯ ಅರೆನಿದ್ದೆ ಸೇರಿರುತ್ತದೆ. ಹೀಗಾಗಿ ಮೂರನೇ ದಿನ ಕುಸಿದಂತಾಗುವುದು ನಿಮ್ಮ ಭಕ್ತಿ ಕಡಿಮೆಯೆಂದಾಗಲಿ, ವಯಸ್ಸಾಯಿತೆಂದಾಗಲಿ ಅಲ್ಲ. ಅದು ದೇಹದ ಲೆಕ್ಕ. ಐದನೇ ದಿನ ಬೆಳಗ್ಗೆ ಅದೇ ಕಾಲು ಕೇಳದೆಯೇ ಹೊರಡುತ್ತದೆ. ಇದನ್ನು ಮೊದಲೇ ತಿಳಿದವರು ಉಳಿಯುತ್ತಾರೆ.

ನಾವು ಪಾಲಿಸುವ ನಿಯಮ ಒಂದಿದೆ: ಬಿಟ್ಟುಬಿಡುವ ತೀರ್ಮಾನವನ್ನು ಮಧ್ಯಾಹ್ನ, ರಾತ್ರಿ ಮಾಡಬಾರದು. ಬೆಳಗ್ಗೆ ಎದ್ದು, ಟೇಪು ಹಚ್ಚಿ, ಇಪ್ಪತ್ತು ನಿಮಿಷ ನಡೆದು ಆಮೇಲೆ ಮಾಡಬೇಕು. ಇಪ್ಪತ್ತು ನಿಮಿಷದಲ್ಲಿ ಮೈ ಬಿಸಿಯಾಗಿ ಸಡಿಲವಾಗುವ ನೋವು, ಎರಡೂ ಕಾಲಿನಲ್ಲಿ ಸಮನಾಗಿ ಇರುವ ನೋವು, ನಡೆಯಬಹುದಾದ ನೋವು. ಹೆಜ್ಜೆ ಹಾಕಿದಷ್ಟೂ ಹೆಚ್ಚುವುದು, ಬೆರಳ ತುದಿಯಿಂದ ಇಲ್ಲೇ ಎಂದು ಮೂಳೆಯ ಮೇಲೆ ತೋರಿಸಬಹುದಾದದ್ದು, ಕುಂಟುವಂತೆ ಮಾಡುವುದು, ಇದು ನಿಲ್ಲಿಸಬೇಕಾದ ನೋವು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ, ಎದೆ ಹಿಡಿದಂತಾದರೆ ಯೋಚಿಸದೆ ಆಸ್ಪತ್ರೆ. ನೋವಿನ ಮಾತ್ರೆ ನುಂಗಿ ನಡೆಯುವುದನ್ನು ನಾನು ಒಪ್ಪುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವು ನೀರಾರಿದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಅಲ್ಲದೆ ನಿಲ್ಲು ಎಂದು ಹೇಳುವ ನೋವಿನ ಬಾಯಿ ಮುಚ್ಚಿಸುತ್ತವೆ. ಅರ್ಧಕ್ಕೆ ಬಿಟ್ಟು ಬಸ್ಸಲ್ಲಿ ಹೋದವರನ್ನು ಹೀಯಾಳಿಸುವವರನ್ನು ತಂಡಕ್ಕೆ ಸೇರಿಸಬೇಡಿ. ಆ ಮಾತಿಗೆ ಹೆದರಿಯೇ ಜನ ಮುರಿದ ಮೂಳೆಯಲ್ಲಿ ನಡೆಯುತ್ತಾರೆ.

ಮನಸ್ಸಿನ ದಣಿವಿಗೆ ಮದ್ದು ಬೇರೆ. ಧರ್ಮಸ್ಥಳ ಎಷ್ಟು ದೂರ ಎಂಬ ಮಾತನ್ನೇ ಮೊದಲ ಏಳು ದಿನ ತಂಡದಲ್ಲಿ ಎತ್ತುವುದಿಲ್ಲ. ಮುಂದಿನ ನೆರಳು, ಮುಂದಿನ ಮೈಲಿಗಲ್ಲು, ಮುಂದಿನ ಊರಿನ ಹೆಸರು, ಅಷ್ಟೇ. ಬೆಳಗಿನ ಮೊದಲ ಗಂಟೆ ಮೌನ. ಎರಡನೇ ಗಂಟೆ ಭಜನೆ; ಹೆಜ್ಜೆಗೆ ಹೊಂದುವ ಲಯದ ಹಾಡು ಹಿಡಿದರೆ ಉಸಿರೂ ತಾನಾಗಿ ಹದಕ್ಕೆ ಬರುತ್ತದೆ. ಮಧ್ಯಾಹ್ನದ ಮೇಲೆ ಮಾತು. ಮತ್ತೆ ದಿನಕ್ಕೆ ಒಂದು ವಸ್ತುವನ್ನು ಗೊತ್ತು ಮಾಡಿಕೊಂಡು ನೋಡುತ್ತಾ ಹೋಗುವುದು: ಇವತ್ತು ಮರ, ನಾಳೆ ಕೆರೆ, ನಾಡಿದ್ದು ಮನೆಯ ಜಗಲಿ. ಮಕ್ಕಳಾಟದಂತೆ ಕಾಣಬಹುದು. ಆದರೆ ಒಂದು ಗಂಟೆ ಬರೀ ಮರ ನೋಡಿ ನಡೆದವರಿಗೆ ಆ ಒಂದು ಗಂಟೆ ಕಾಲು ನೆನಪಾಗುವುದಿಲ್ಲ. ಶಿವರಾತ್ರಿಯ ಕಾಲದಲ್ಲಿ ಎಲೆ ಉದುರಿಸಿ ಕೆಂಡದಂಥ ಹೂ ಹೊತ್ತ ಮುತ್ತುಗ ಸಿಗುತ್ತದೆ, ಬೂರುಗದ ಕೆಳಗೆ ದಪ್ಪ ಎಸಳುಗಳು ಬಿದ್ದಿರುತ್ತವೆ, ಮಾವಿನ ಹೂವಿನ ವಾಸನೆ ತೋಟದಾಚೆಯಿಂದಲೇ ಬರುತ್ತದೆ.

ನಡೆಯುವವರಿಗೆ ಮಾತ್ರ ಕಾಣುವ ಬದಲಾವಣೆಗಳೂ ಇವೆ. ಬಸ್ಸಿನಲ್ಲಿ ಏಳೆಂಟು ಗಂಟೆಯಲ್ಲಿ ದಾಟುವ ದಾರಿ ಇದು. ನಡೆದರೆ ತಟ್ಟೆಯಲ್ಲೇ ನಾಡು ಬದಲಾಗುತ್ತದೆ. ಕುಣಿಗಲ್, ಬೆಳ್ಳೂರು ಕ್ರಾಸಿನ ಸೀಮೆಯಲ್ಲಿ ರಾಗಿಮುದ್ದೆ, ಉಪ್ಪುಸಾರು. ಚನ್ನರಾಯಪಟ್ಟಣದ ಸುತ್ತ ತೆಂಗು. ಬೇಲೂರು ದಾಟಿದರೆ ಅಕ್ಕಿರೊಟ್ಟಿ, ಕಡುಬು. ಘಾಟಿ ಇಳಿದ ಮೇಲೆ ಕುಚ್ಚಲಕ್ಕಿ ಗಂಜಿ. ಮಾತೂ ಹಾಗೆಯೇ ಊರಿಂದೂರಿಗೆ ಎಳೆ ಬದಲಿಸುತ್ತಾ ಹೋಗಿ, ಚಾರ್ಮಾಡಿಯ ಬುಡದಲ್ಲಿ ತುಳು ಕಿವಿಗೆ ಬೀಳುತ್ತದೆ.

ಕಾಫಿ ಸೀಮೆ, ಘಾಟಿ

ಬೇಲೂರಿನಲ್ಲಿ ಅರ್ಧ ದಿನ ನಿಲ್ಲಿ. ಅಷ್ಟು ಹೊತ್ತಿಗೆ 220 ಕಿ.ಮೀ. ಮೀರಿ ನಡೆದ ಕಾಲಿಗೂ ಅದು ಬೇಕು, ಚೆನ್ನಕೇಶವನ ಗುಡಿಯ ಮುಂದೆ ಸುಮ್ಮನೆ ಕೂರುವುದಕ್ಕೂ. ಯಗಚಿಯ ಮೇಲಿನ ಗಾಳಿಗೆ ಸಂಜೆ ಚಳಿ ಹಿಡಿಯುತ್ತದೆ, ಒಂದು ಶಾಲು ಇರಲಿ. ಇಲ್ಲಿಂದ ಮೂಡಿಗೆರೆವರೆಗೆ ಗಡಿಯಾರ ಬದಲಿಸಬೇಕು. ಕಾಫಿ ತೋಟಗಳ ಈ ಪಟ್ಟಿಯಲ್ಲಿ ಕಾಡಾನೆಗಳ ಓಡಾಟ ನಿಜ. ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ನಡೆಯಬೇಡಿ. ಚಹಾ ಅಂಗಡಿಯಲ್ಲಿ ಕೇಳಿ. ಯಾವ ತೋಟದಲ್ಲಿ ಆನೆ ನಿಂತಿದೆ ಎಂಬ ಸುದ್ದಿ ಅಲ್ಲಿ ಎಲ್ಲರಿಗಿಂತ ಮೊದಲು ಬಂದಿರುತ್ತದೆ, ಅವರು ನಿಲ್ಲಿ ಅಂದರೆ ನಿಲ್ಲಬೇಕು. ತರಗೆಲೆಯ ಮೇಲೆ ಕೂರಬೇಡಿ, ಉಣ್ಣಿ ಹತ್ತುತ್ತದೆ. ಬಿಸಿಲು ಕಡಿಮೆ, ನೆರಳು ಹೆಚ್ಚು, ಕಣದಲ್ಲಿ ಮೆಣಸು ಹರಡಿ ಒಣಹಾಕಿದ ಘಾಟು ಮೂಗಿಗೆ ತಾಗುತ್ತಿರುತ್ತದೆ. ಇಡೀ ದಾರಿಯಲ್ಲಿ ನನಗೆ ತೀರಾ ಹತ್ತಿರವಾದ ಎರಡು ದಿನ ಇವು.

ಕೊಟ್ಟಿಗೆಹಾರದಲ್ಲಿ ಉಳಿದು, ಬೆಳಗ್ಗೆ ನೀರುದೋಸೆ ತಿಂದು, ಚೆನ್ನಾಗಿ ಬೆಳಕಾದ ಮೇಲೆ ಘಾಟಿಗೆ ಇಳಿಯಿರಿ. ಈ ಊರಿನ ಸುತ್ತಲ ನೆಲದಲ್ಲೇ, ಜಾವಳಿಯ ಹತ್ತಿರ, ಹೇಮಾವತಿ ಹುಟ್ಟುತ್ತದೆ. ಇಲ್ಲಿಯವರೆಗೆ ನೀವು ದಾಟಿದ ಹಳ್ಳಗಳ ನೀರು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುವಂಥದ್ದು. ಘಾಟಿಯ ನೆತ್ತಿಯಿಂದಾಚೆ ಬಿದ್ದ ಹನಿ ನೇತ್ರಾವತಿಯ ಪಾಲು, ಮಂಗಳೂರಿನ ಕಡಲಿಗೆ. ಮಂಜು ಮೇಲೇಳುವ ಹೊತ್ತಿನಲ್ಲಿ ಆ ತಿರುವಿನಲ್ಲಿ ನಿಂತು ಎರಡೂ ಕಡೆ ನೋಡಿದರೆ, ಹತ್ತು ದಿನ ನಡೆದು ಬಂದದ್ದು ಒಂದು ನಾಡಿನ ಬೆನ್ನೆಲುಬನ್ನು ಎಂದು ಕಾಲಿಗೇ ಅರ್ಥವಾಗುತ್ತದೆ.

ಇಳಿಯುವ ಮುಂಚೆ ಲೇಸು ಬದಲಿಸಿ. ಬೆರಳ ಕಡೆ ಸಡಿಲ, ಕಣಕಾಲಿನ ಕಡೆ ಬಿಗಿ. ಶೂವಿನ ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ ಲೇಸು ಅದರೊಳಗಿಂದ ಎಳೆದು ಕಟ್ಟಿದರೆ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಮುಂದಕ್ಕೆ ಗುದ್ದುವುದಿಲ್ಲ. ಇದನ್ನು ಮಾಡದವರ ಹೆಬ್ಬೆರಳ ಉಗುರು ಕಪ್ಪಾಗಿ ಕೆಲವು ವಾರದ ಮೇಲೆ ಕಳಚುತ್ತದೆ. ಹೆಜ್ಜೆ ಚಿಕ್ಕದು, ಮೊಣಕಾಲು ಸ್ವಲ್ಪ ಮಡಿಚಿ, ಮೈ ಹಿಂದಕ್ಕೆ ವಾಲಿಸದೆ. ಒಂದು ಬಿದಿರಿನ ಕೋಲು ಇದ್ದರೆ ಮೊಣಕಾಲಿನ ಭಾರದಲ್ಲಿ ಒಂದು ಪಾಲು ಅದು ಹೊರುತ್ತದೆ. ಓಡಬೇಡಿ, ಇಳಿಜಾರು ಓಡಿಸುತ್ತದೆ. ತಿರುವಿನ ಒಳಬದಿಯಲ್ಲಿ ನಡೆಯಬೇಡಿ. ಬಸ್ಸಿನ ಹಿಂದಿನ ಚಕ್ರ ಅಲ್ಲೇ ಕತ್ತರಿಸಿಕೊಂಡು ಬರುತ್ತದೆ. ಅಣ್ಣಪ್ಪ ಸ್ವಾಮಿಯ ಗುಡಿಯ ಹತ್ತಿರ ಎಲ್ಲರೂ ನಿಲ್ಲುತ್ತಾರೆ, ನೀವೂ ನಿಂತು ಲೇಸು ಮತ್ತೊಮ್ಮೆ ನೋಡಿಕೊಳ್ಳಿ. ಇಳಿದ ದಿನ ಏನೂ ಅನ್ನಿಸುವುದಿಲ್ಲ. ತೊಡೆ ಹಿಡಿದುಕೊಳ್ಳುವುದು ಮರುದಿನ, ಆದ್ದರಿಂದ ಮರುದಿನದ ದೂರ 15 ಕಿ.ಮೀ. ದಾಟದಂತೆ ಮೊದಲೇ ಇಟ್ಟುಕೊಳ್ಳಿ. ಘಾಟಿಯ ಕೆಳಗೆ ಸೆಖೆ. ಬೆವರು ಆರುವುದೇ ಇಲ್ಲ. ಉಪ್ಪು, ನೀರು ಎರಡನ್ನೂ ಹೆಚ್ಚಿಸಿ, ಕಾಲುಚೀಲ ಗಂಟೆಗೊಮ್ಮೆ ಬದಲಿಸಿ.

ಉಜಿರೆಯಿಂದ ಮುಂದೆ ಎಲ್ಲರ ಹೆಜ್ಜೆ ತಾನಾಗಿ ಜೋರಾಗುತ್ತದೆ. ಅಲ್ಲಿ ನಾವು ಬೇಕೆಂದೇ ನಿಧಾನಿಸುತ್ತೇವೆ. ಹನ್ನೆರಡು ದಿನ ಜೊತೆಗಿದ್ದದ್ದು ಇನ್ನು ಎರಡು ಗಂಟೆ ಮಾತ್ರ ಉಳಿದಿರುತ್ತದೆ. ಆ ಎರಡು ಗಂಟೆ ಬೇಗ ಮುಗಿಯದಿರಲಿ ಅನ್ನಿಸಿದರೆ ಅಂಥವರ ಪಾದಯಾತ್ರೆ ಚೆನ್ನಾಗಿ ಆಗಿದೆ ಎಂದೇ ನಾನು ತಿಳಿಯುವುದು. ನೇತ್ರಾವತಿಯಲ್ಲಿ ಸ್ನಾನಕ್ಕಿಳಿಯುವಾಗ ಕಾಲಲ್ಲಿ ತೆರೆದ ಗಾಯವಿದ್ದರೆ ನೀರು ಹರಿಯುವ ಕಡೆ ಬೇಗ ಮಿಂದು, ಮೇಲೆ ಬಂದು ಶುದ್ಧ ನೀರಿಂದ ತೊಳೆದು ಅಯೋಡಿನ್ ಹಚ್ಚಿ. ದರ್ಶನದ ಸಾಲು ಗಂಟೆಗಟ್ಟಲೆ ಆಗಬಹುದು. ನಡೆದು ಬಂದ ಕಾಲಿಗೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ರಕ್ತ ಕೆಳಗೆ ಇಳಿದು ತಲೆ ತಿರುಗುವುದಿಲ್ಲ. ಅದೇ ರಾತ್ರಿ ಬಸ್ಸು ಹತ್ತಬೇಡಿ. ಒಂದು ದಿನ ಉಳಿದು, ಬೆಳಗ್ಗೆ ಚಪ್ಪಲಿಯಲ್ಲಿ ಒಂದೆರಡು ಕಿ.ಮೀ. ಸುಮ್ಮನೆ ಓಡಾಡಿ. ಹಿಂದಿರುಗುವ ಬಸ್ಸಿನಲ್ಲಿ ನಿಂತಲ್ಲೆಲ್ಲ ಇಳಿದು ಕಾಲಾಡಿಸಿ, ಕಿಟಕಿಯ ಪಕ್ಕ ಕೂತುಕೊಳ್ಳಿ. ನೀವು ಶೂ ಬಿಚ್ಚಿ ಕೂತಿದ್ದ ಒಂದೊಂದು ಮರವೂ ಹಿಂದಕ್ಕೆ ಸರಿಯುವುದು ಕಾಣುತ್ತದೆ.